ಪ್ರೊಸೆಸರ್ ಮಾತ್ರ ಬದಲಿಸಲೋ, ಇಡೀ ಸಿಸ್ಟಮ್ಮೇ ಹೊಸದೋ?

ಮದುವೆ ವಿಡಿಯೊ ಎಡಿಟಿಂಗ್ ನನ್ನ ಕಸುಬು, ಊರು ಶಿವಮೊಗ್ಗ. ಆಷಾಢದಲ್ಲಿ ಮುಹೂರ್ತ ಇರುವುದಿಲ್ಲ, ಕಂಪ್ಯೂಟರ್ ಬಿಚ್ಚಿ ಕೂರಲು ನನಗೆ ಸಿಗುವ ಬಿಡುವು ಅದೊಂದೇ ತಿಂಗಳು. 2018ರಲ್ಲಿ ಕೊಂಡ ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್, ಅದು ಕೂರುವ ಎಎಂ4 ಸಾಕೆಟ್ಟಿನ ಬಿ450 ಬೋರ್ಡು, 16 ಜಿಬಿ ಡಿಡಿಆರ್4 ರ‍್ಯಾಮ್. ಇದರಲ್ಲೇ ಆರು ವರ್ಷ ದುಡಿದೆ. 2024ರ ಆಷಾಢದಲ್ಲಿ ಎದುರಿಗಿದ್ದದ್ದು ಎರಡು ದಾರಿ: ಅದೇ ಬೋರ್ಡಿಗೆ ರೈಜನ್ 7 5700ಎಕ್ಸ್ ಕೂರಿಸುವುದು, ಇಲ್ಲವೇ ಹೊಸ ತಲೆಮಾರಿನ ಸಾಕೆಟ್ಟಾದ ಎಎಂ5ರ ಬೋರ್ಡು, ಡಿಡಿಆರ್5 ರ‍್ಯಾಮ್ ಸಮೇತ ರೈಜನ್ 5 7600ಕ್ಕೆ ಹೋಗುವುದು.

ಕೊಳ್ಳುವ ಮೊದಲು ಒಂದು ವಾರ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ. ಟೈಮ್‌ಲೈನ್ ಎಳೆಯುವಾಗ ತಡೆಯುತ್ತಿತ್ತಲ್ಲ, ಆಗ ಪ್ರೊಸೆಸರ್ ಶೇಕಡಾ 30ರ ಆಸುಪಾಸು, ಹಾರ್ಡ್ ಡಿಸ್ಕ್ ಮಾತ್ರ ಶೇಕಡಾ 100. ಫುಟೇಜನ್ನು ಎಸ್‌ಎಸ್‌ಡಿಗೆ ಹಾಕಿದ್ದೇ ತಡ, ಆ ಕಾಟ ನಿಂತಿತು. ಎಕ್ಸ್‌ಪೋರ್ಟಿನಲ್ಲಿ (ಮುಗಿದ ಎಡಿಟನ್ನು ವಿಡಿಯೊ ಫೈಲಾಗಿ ಹೊರತೆಗೆಯುವಾಗ) ಹಾಗಲ್ಲ, ಪ್ರೊಸೆಸರಿನ ಹನ್ನೆರಡು ಥ್ರೆಡ್ಡೂ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು) ಕೊನೆತನಕ 100ರಲ್ಲೇ. ಗ್ರಾಫಿಕ್ಸ್ ಕಾರ್ಡಿನಿಂದ ಎನ್‌ಕೋಡ್ ಮಾಡಿದರೆ ಬೇಗ ಮುಗಿಯುತ್ತದೆ, ನಿಜ. ಆದರೆ ನಾನು ಕೊಡುವ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಇಷ್ಟು ಡೇಟಾ ಎಂಬ ಮಿತಿ) ಹೋಮದ ಹೊಗೆ ಚೌಕಚೌಕವಾಗಿ ಒಡೆಯುತ್ತದೆ. ಧಾರೆಯ ದೃಶ್ಯ ಹಾಗೆ ಒಡೆದಿದ್ದರೆ ಗಿರಾಕಿಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

7600 ಗೆಳೆಯನ ಸ್ಟುಡಿಯೊದಲ್ಲಿತ್ತು. ಇಬ್ಬರದೂ ಜಿಟಿಎಕ್ಸ್ 1660 ಸೂಪರ್ ಕಾರ್ಡೇ. 20 ನಿಮಿಷದ ಒಂದೇ ಪ್ರಾಜೆಕ್ಟನ್ನು ಎಸ್‌ಎಸ್‌ಡಿಯಲ್ಲಿ ಒಯ್ದು ಅಲ್ಲೂ ಓಡಿಸಿದೆ. 2600ರಲ್ಲಿ 31 ನಿಮಿಷ, 7600ರಲ್ಲಿ ಹದಿನಾರೂವರೆ. ಆಮೇಲೆ ನನ್ನ ಬೋರ್ಡಿಗೆ 5700ಎಕ್ಸ್ ಹಾಕಿ ನೋಡಿದಾಗ 17. ಅರ್ಧ ನಿಮಿಷದ ವ್ಯತ್ಯಾಸ! 7600ರಲ್ಲಿರುವುದು ಆರೇ ಕೋರು, ಒಂದೊಂದೂ ಚುರುಕು, 5.1 ಗಿಗಾಹರ್ಟ್ಸ್‌ವರೆಗೆ ಏರುತ್ತವೆ. 5700ಎಕ್ಸ್ 4.6ಕ್ಕೇ ನಿಂತರೂ ಕೋರು ಎಂಟು, ಎಲ್ಲವೂ 32 ಎಂಬಿ ಕ್ಯಾಶೆಯನ್ನು (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಹಂಚಿಕೊಳ್ಳುತ್ತವೆ. ನನ್ನ ಹಳೆಯದರಲ್ಲಿ ಮೂರು ಕೋರಿನ ಎರಡು ಗುಂಪು, ಗುಂಪಿಗೆ 8 ಎಂಬಿ ಅಷ್ಟೇ.

ಖರ್ಚಿಗೆ ಬಂದರೆ ಅಂತರ ದೊಡ್ಡದು. 5700ಎಕ್ಸ್‌ಗೆ ನಾನು ಕೊಟ್ಟದ್ದು 14,000 ರೂಪಾಯಿ. ಎಎಂ5ಕ್ಕೆ ಪ್ರೊಸೆಸರ್, ಬೋರ್ಡು, 32 ಜಿಬಿ ರ‍್ಯಾಮ್ ಸೇರಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು ಹೇಳಿದ್ದು ಹತ್ತಿರ ಹತ್ತಿರ 40,000.

7600ರ ಕಡೆಗೂ ತೂಕವಿದೆ. ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆ, 5700ಎಕ್ಸ್ ಜೊತೆ ಬರುವುದಿಲ್ಲ. ನನ್ನ ಹಳೆಯ ಕೂಲರನ್ನೇ ಹಾಕಿದೆ, ಎಕ್ಸ್‌ಪೋರ್ಟ್ ಹೊತ್ತಿಗೆ 88 ಡಿಗ್ರಿ ಮುಟ್ಟಿತು. ಬೇರೆ ಕೂಲರ್ ಕೊಳ್ಳಲೇಬೇಕಾಯಿತು. 7600ರೊಳಗೆ ಚಿಕ್ಕ ಗ್ರಾಫಿಕ್ಸ್ ಇರುವುದರಿಂದ ಕಾರ್ಡು ಕೈಕೊಟ್ಟರೂ ಪರದೆ ಬೆಳಗುತ್ತದೆ. ಸೀಸನ್ನಿನ ನಡುವೆ ಅದು ದೊಡ್ಡ ಧೈರ್ಯ.

5700ಎಕ್ಸ್ ದಾರಿ ಹಿಡಿಯುವವರಿಗೆ ಎರಡು ಮಾತು. ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಹೊಸದು ಹಾಕಿದಾಗ ಪರದೆ ಕಪ್ಪಗೇ ಉಳಿಯಬಹುದು. ಇನ್ನೊಂದು, ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಏನಾದರೂ ಎಕ್ಸ್‌ಪೋರ್ಟ್‌ಗೆ ಹಾಕಿ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ, ಮೆಲ್ಲಗೆ ತಿರುಚುತ್ತಾ ಬಿಡಿಸಿ. ನಾನು ತಣ್ಣಗಿದ್ದಾಗಲೇ ನೇರ ಎತ್ತಿದೆ. ಪ್ರೊಸೆಸರ್-ಕೂಲರ್ ನಡುವೆ ಶಾಖ ಸಾಗಿಸಲು ಹಚ್ಚಿದ್ದ ಆರು ವರ್ಷದ ಪೇಸ್ಟು ಒಣಗಿ ಅಂಟಾಗಿತ್ತು, ಲಾಕ್ ಮಾಡಿದ್ದ ಪ್ರೊಸೆಸರೇ ಕೂಲರಿನ ಜೊತೆ ಕಿತ್ತು ಬಂತು. ಪ್ರೊಸೆಸರಿನ ಅಡಿಯ, ಮೂಲೆಯ ಎರಡು ಪಿನ್ನು ಬಾಗಿದ್ದವು. ಕಡ್ಡಿ ತೆಗೆದ ಪೆನ್ ಪೆನ್ಸಿಲಿನ ತುದಿಯನ್ನು ಪಿನ್ನಿಗೆ ತೊಡಿಸಿ ಅರ್ಧ ಗಂಟೆ ನಿಧಾನಕ್ಕೆ ನೆಟ್ಟಗೆ ಮಾಡಿದೆ. ಎಎಂ5ರಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಿ, ಪ್ರೊಸೆಸರ್ ಹೀಗೆ ಕಿತ್ತು ಬರುವ ಭಯವಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ನನ್ನ ಯುಪಿಎಸ್ ತಡೆಯುವುದು 20 ನಿಮಿಷ. 31 ನಿಮಿಷದ ಎಕ್ಸ್‌ಪೋರ್ಟ್ ಎಷ್ಟೋ ಸಲ ಅರ್ಧಕ್ಕೆ ನಿಂತಿದೆ, 17 ನಿಮಿಷದ್ದು ಮುಗಿಯುತ್ತದೆ. ಹಾಗಾಗಿ ಬೋರ್ಡು, ರ‍್ಯಾಮ್ ಚೆನ್ನಾಗಿರುವ ಎಎಂ4 ಸಿಸ್ಟಮ್ ಈಗಾಗಲೇ ಇದ್ದರೆ 5700ಎಕ್ಸ್ ಸಾಕು ಅಂತಲೇ ನಾನು ಹೇಳುವುದು. ಏನೂ ಇಲ್ಲದೆ ಹೊಸದಾಗಿ ಶುರು ಮಾಡುವವರಾದರೆ ಡಿಡಿಆರ್4ಗೆ ದುಡ್ಡು ಹಾಕದೆ ನೇರ 7600ಕ್ಕೇ ಹೋಗಲಿ.