ಲಿನಕ್ಸ್ ಮಿಂಟ್ 22: ಪುರುಸೊತ್ತಿಲ್ಲದ ವಿದ್ಯಾರ್ಥಿಗಳಿಗೆ

ಸುರತ್ಕಲ್, ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಲ್ಯಾಬ್ ರೆಕಾರ್ಡು, ಇಂಟರ್ನಲ್ಸ್ ಮಧ್ಯೆ ಸಿಸ್ಟಮ್ ರಿಪೇರಿಗೆ ಯಾರಿಗೆ ಪುರುಸೊತ್ತು? ವಿಂಡೋಸ್ ಬದಲಿಗೆ ಮಿಂಟ್ 22 ಹಾಕಿ, ಇದು ಪುಕ್ಕಟೆ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸಿನ ಮೇಲೆ ನಿಂತದ್ದು. 2029ರ ಏಪ್ರಿಲ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಉಂಟು. ರ‍್ಯಾಮ್ 4 ಜಿಬಿಯಾದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸ್ವಲ್ಪ ಭಾರದ ಸಿನಮನ್. ಆರ್ಚ್ ಎಂಬ, ಎಲ್ಲವನ್ನೂ ನಾವೇ ಹೊಂದಿಸಿಕೊಳ್ಳಬೇಕಾದ ಲಿನಕ್ಸ್ ಚಂದವೇ, ಆದರೆ ಪರೀಕ್ಷೆಯ ಹಿಂದಿನ ರಾತ್ರಿಗಲ್ಲ.

ಮೊದಲ ಕೆಲಸ, ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್: ವಾರಕ್ಕೊಂದು ಸಿಸ್ಟಮಿನ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್, ಎರಡೇ ಉಳಿಯುವಂತೆ ಇಡಿ, ಜಾಸ್ತಿಯಾದರೆ ಡಿಸ್ಕ್ ತುಂಬುತ್ತದೆ. ನಿಮ್ಮ ಫೈಲುಗಳಿರುವ ಹೋಮ್ ಫೋಲ್ಡರ್ ಇದರಲ್ಲಿ ತಾನಾಗಿ ಸೇರುವುದಿಲ್ಲ, ಪ್ರಾಜೆಕ್ಟನ್ನು ಪೆನ್‌ಡ್ರೈವಿಗೂ ಹಾಕಿಡಿ. ವೈಫೈ ಕಾಣದಿದ್ದರೆ ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು ಡ್ರೈವರ್ ಮ್ಯಾನೇಜರ್ ತೆರೆದು ವೈಫೈ ಡ್ರೈವರ್ ಹಾಕಿಕೊಳ್ಳಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಗುಡುಗುವಾಗ ಅಪ್‌ಡೇಟ್ ಒತ್ತಬೇಡಿ. ನಮ್ಮೂರ ಮಳೆಗೆ ಕರೆಂಟು ಯಾವಾಗ ಹೋಗುತ್ತದೋ, ಅರ್ಧಕ್ಕೆ ನಿಂತರೆ ಸಾಫ್ಟ್‌ವೇರ್ ಪ್ಯಾಕೇಜ್‌ಗಳು ಕೆಟ್ಟು ಕೂರುತ್ತವೆ.