ಸಾಣಿಕಟ್ಟಾದ ಹರಳುಪ್ಪು: ಮಿಡಿಗೆ ಸೈ, ಊಟಕ್ಕೆ ಬೇಡ

ಉಪ್ಪಿನಕಾಯಿ ಹಾಕುವ ಎಳೆ ಮಾವು, ಅಪ್ಪೆಮಿಡಿ ಬಂತು ಅಂದರೆ ನಮ್ಮ ಮನೆಯಲ್ಲಿ ಉಪ್ಪಿನ ಜಗಳ ಶುರು. ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ ಅನ್ನುವುದು ಅಮ್ಮನ ವಾದ. ಹಾಗಾಗಿ ಈ ಸಲ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋದವನು, ವಾಪಸ್ ಬರುವಾಗ ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯುವ ಆಗರಗಳಿರುವ ಸಾಣಿಕಟ್ಟಾ ಹತ್ತಿರದ ಒಂದು ಅಂಗಡಿಯಿಂದ ಐದು ಕೆಜಿ ಹರಳುಪ್ಪು ತಂದೆ.

ಬೆಳ್ಳಗಿರುತ್ತದೆ ಅಂದುಕೊಳ್ಳಬೇಡಿ. ಆಗರದ ಮಣ್ಣು ಹತ್ತಿದ ಮಾಸಲು ಕೆಂಪು. ಹರಳು ಜೋಳದ ಕಾಳಿನಷ್ಟು, ನಡುವೆ ಅಡಿಕೆ ಹೋಳಿನಷ್ಟು ದೊಡ್ಡವೂ ಸಿಗುತ್ತವೆ. ಬಾಯಿಗೆ ಹಾಕಿದರೆ ಮೊದಲು ಉಪ್ಪು, ಹಿಂದಿನಿಂದ ತುಸು ಕಹಿ. ನೀರಲ್ಲಿ ಕರಗಿಸಿ ಬಿಟ್ಟರೆ ಪಾತ್ರೆಯ ತಳದಲ್ಲಿ ತೆಳ್ಳಗೆ ಕೆಸರು ಕೂರುತ್ತದೆ. ಕುದಿಸಿ ಸೋಸಲೇಬೇಕು. ಘಟ್ಟ ಹತ್ತುವಷ್ಟರಲ್ಲಿ ಕಾರಿನ ಡಿಕ್ಕಿ ಒದ್ದೆಯಾಗಿತ್ತು, ಅದು ಬೇರೆ ಕಥೆ.

ತೂಗುತ್ತಾ ಅಂಗಡಿಯವರು ಕೇಳಿದರು, "ತೆಂಗಿನ ಮರಕ್ಕಾ?"

"ಅಲ್ಲ, ಮಿಡಿಗೆ."

"ನಾನಂತೂ ತೆಂಗಿಗೆ ಅಂತಲೇ ಕೊಟ್ಟದ್ದು" ಎಂದು ನಕ್ಕರು.

ನಗುವಿಗೆ ಕಾರಣ ಇದೆ. ಅಯೋಡಿನ್ ಇಲ್ಲದ ಉಪ್ಪನ್ನು ನೇರವಾಗಿ ತಿನ್ನಲಿಕ್ಕೆ ಮಾರುವಂತಿಲ್ಲ. 2006ರಲ್ಲಿ ದೇಶವಿಡೀ ನಿಷೇಧ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ನಿಲ್ಲುವುದಿಲ್ಲ ಎಂದಿತು. ಅದೇ ವರ್ಷ ಆಹಾರ ಸುರಕ್ಷತೆಯ ನಿಯಮಗಳಲ್ಲಿ ಅದೇ ನಿಷೇಧ ಮತ್ತೆ ಬಂದು ಕೂತಿತು.

ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ನಮ್ಮ ಭಾವ ಅಂಕೋಲೆಯವನು. ಮಿಡಿಯ ತೊಟ್ಟು ಮುರಿಯುತ್ತಲೇ ಭಾಷಣ ತೆಗೆದ. "ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿ ಒಂದೇ ವಾರಕ್ಕೆ, 1930ರ ಏಪ್ರಿಲ್ 13ಕ್ಕೆ, ನಮ್ಮೂರಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸತ್ಯಾಗ್ರಹ ಆಯ್ತು. ಈಗ ಅದೇ ಉಪ್ಪನ್ನು ಊಟಕ್ಕೆ ಅಂತ ಮಾರಿದರೆ ಮತ್ತೆ ಕಾನೂನು ಮುರಿದ ಹಾಗೆ! ಇದಕ್ಕೇನಾ ಸ್ವಾತಂತ್ರ್ಯ ಬಂದದ್ದು?"

ಲಾ ಓದುವ ತಂಗಿ ಬಿಡುವವಳಲ್ಲ. ಉಪ್ಪು ಸಂವಿಧಾನದಲ್ಲೇ ಇದೆ, ಕೇಂದ್ರ ಪಟ್ಟಿಯ 58ನೇ ನಮೂದು ನೋಡು ಅಂದಳು. ಜನರ ಪೌಷ್ಟಿಕತೆ, ಆರೋಗ್ಯ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಅಂತ 47ನೇ ವಿಧಿ ಹೇಳುತ್ತದೆ ಅಂದಳು. ಅದನ್ನು ಬರೆದವರೂ ಅದೇ ಹೋರಾಟದಿಂದ ಬಂದವರಲ್ವಾ ಅಂತ ತಿರುಗಿ ಕೇಳಿದಳು. ಭಾವ ಇನ್ನೊಂದು ಹಿಡಿ ಮಿಡಿ ಎಳೆದುಕೊಂಡ.

ನನಗೆ ನೆನಪಾದದ್ದು ಅಜ್ಜಿಯ ಫೋಟೋ. ನಮ್ಮಲ್ಲಿರುವುದು ಒಂದೇ. ಅದರಲ್ಲಿ ಅವಳು ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಾಳೆ. ಚಳಿಗೆ ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಅಯೋಡಿನ್ ಕೊರತೆಯಿಂದ ಬರುವ ಗಳಗಂಡ ಇತ್ತಂತೆ. ಕುತ್ತಿಗೆಯ ಗಂಟು ಕಾಣಬಾರದು ಅಂತ ಸೆರಗು.

ಬ್ರಿಟಿಷರ ಉಪ್ಪಿನ ತೆರಿಗೆ ಕೂಲಿಯವನ ಗಂಜಿಯಿಂದಲೂ ದುಡ್ಡು ಕೀಳುತ್ತಿತ್ತು. ಅದು 1947ರಲ್ಲಿ, ಸ್ವಾತಂತ್ರ್ಯಕ್ಕೂ ಸ್ವಲ್ಪ ಮೊದಲೇ ಹೋಯಿತು. ಅಯೋಡಿನ್ ನಿಯಮವನ್ನು ಅದರ ಪಕ್ಕ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಭಾವನ ಮಾತು ಪೂರ್ತಿ ಸುಳ್ಳಲ್ಲ. 1953ರಲ್ಲಿ ನಮ್ಮದೇ ಸರ್ಕಾರ ಉಪ್ಪಿನ ಮೇಲೆ ಸೆಸ್ ಹಾಕಿತ್ತು. ಕಡಿಮೆಯೇ ಇರಲಿ, ಹಾಕಿತ್ತು. ಈಗ ಉಪ್ಪಿಗೆ ಜಿಎಸ್‌ಟಿ ಸೊನ್ನೆ. ಮತ್ತೆ ಉಪ್ಪಿನಕಾಯಿ ಭರಣಿಗೂ ಅಯೋಡಿನ್ ಬೇಕು ಅಂತ ಯಾರಾದರೂ ಬಂದರೆ ನಾನೂ ಭಾವನ ಪಕ್ಕವೇ.

ಉಪ್ಪಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕೆಸರಿಗೆ ಒಂದು ಕಟ್. ಇಪ್ಪತ್ತು ದಿನವಾಯಿತು, ಮಿಡಿ ಚೆನ್ನಾಗಿ ಮುರುಟಿದೆ, ಕಚ್ಚಿದರೆ ಕಟಕ್ ಅನ್ನುತ್ತದೆ. ಊಟಕ್ಕೆ ಪ್ಯಾಕೆಟ್ ಉಪ್ಪೇ. ತರುವುದಾದರೆ ಮಳೆಗಾಲಕ್ಕೆ ಮೊದಲು ತನ್ನಿ, ಡಿಕ್ಕಿಯಲ್ಲಿ ಬಕೆಟ್ ಇಟ್ಟುಕೊಂಡು ಹೋಗಿ.