ಹಳೇ ಯಮಹಾ ಆರ್‌ಎಕ್ಸ್ 100 ಬೈಕಿಗೆ ಮೊನೊಶಾಕ್ (ಹಿಂದೆ ಎರಡರ ಬದಲು ಒಂದೇ ಶಾಕ್ ಅಬ್ಸಾರ್ಬರ್) ಹಾಕಿಸುವುದೋ, ಇದ್ದದ್ದನ್ನೇ ರಿಪೇರಿ ಮಾಡಿಸುವುದೋ?

ದಾವಣಗೆರೆ ಊರೊಳಗೆ, ಸುತ್ತಲಿನ ಹಳ್ಳಿಗಳಿಗೆ ಓಡಿಸುವವರಿಗೆ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಹಳೇ ಸ್ವಿಂಗ್‌ಆರ್ಮೇ ಸಾಕು. ಹೊಸ ಬುಷ್ (ಕೀಲಿನೊಳಗಿನ ಕೊಳವೆ), ಆರ್ಮನ್ನು ಫ್ರೇಮಿಗೆ ಕೂರಿಸುವ ಪಿವಟ್ ಬೋಲ್ಟ್, ಒಂದು ಜೊತೆ ಶಾಕ್, ಅಷ್ಟೇ ಖರ್ಚು. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲುಗಾಡಿಸಿ. ಪಿವಟ್ ಹತ್ತಿರ ಟಕ್ ಟಕ್ ಅಂದರೆ ಬುಷ್ ಸವೆದಿದೆ. ತಿರುವಿನಲ್ಲಿ ಹಿಂಭಾಗ ಓಲಾಡುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹೊಸ ಬೈಕಿನ ಮೊನೊಶಾಕ್ ಆರ್ಮ್ ತಂದು ಕೂರಿಸುವುದು ಅಷ್ಟು ಸಲೀಸಲ್ಲ. ಪಿವಟ್ ಅಗಲ ಕಮ್ಮಿಯಿದ್ದರೆ ಲೇತ್‌ನಲ್ಲಿ ಸಂದು ತುಂಬುವ ಸ್ಪೇಸರ್, ತೂತು ದೊಡ್ಡದಿದ್ದರೆ ಒಳಬುಷ್ ಮಾಡಿಸಬಹುದು. ನಿಜವಾದ ತೊಡಕು ಶಾಕ್‌ನ ಮೇಲ್ತುದಿ ಫ್ರೇಮಿಗೆ ಕೂರುವ ಮೌಂಟ್: ಎರಡು ಶಾಕ್‌ಗೆ ಹಂಚಿಹೋಗುತ್ತಿದ್ದ ಭಾರ ಒಂದೇ ಜಾಗಕ್ಕೆ ಬೀಳುತ್ತದೆ. ಫ್ರೇಮ್ ಪೈಪಿಗೆ ಬರೀ ಬ್ರಾಕೆಟ್ ವೆಲ್ಡ್ ಮಾಡಿದರೆ ವೆಲ್ಡಿನ ಅಂಚಿನಲ್ಲೇ ಬಿರುಕು ಬಿಡುತ್ತದೆ. ಬಲಕ್ಕೆ ಗಸೆಟ್ (ಮೂಲೆಗೆ ಬೆಸೆಯುವ ಆಸರೆ ತಗಡು) ಬೇಕೇ ಬೇಕು. ಎರಡೂ ಸ್ಪ್ರಾಕೆಟ್ ಒಂದೇ ಸಾಲಿಗೆ ಬರದಿದ್ದರೆ ಚೈನ್ ಬಾಳದು. ಫ್ರೇಮ್ ಕತ್ತರಿಸುವ ಮೊದಲೇ ಆರ್‌ಟಿಒ ಅನುಮತಿ ಬಗ್ಗೆ ವಿಚಾರಿಸಿ.